ಎಲೆ ಹಿಡಿದು ಕೊಟ್ಟ ಮಾತು

ನನಗೆ ನೆನಪಿರುವುದನ್ನು ನೆನಪಿರುವ ಹಾಗೆಯೇ ಮೊದಲು ಬರೆಯುತ್ತೇನೆ. ನಡೆದದ್ದೂ ಹಾಗೆಯೇ ಎಂದು ಮಾತ್ರ ಹೇಳಲಾರೆ.

ಚನ್ನಪಟ್ಟಣದಿಂದ ಹೊಂಗನೂರಿನ ಬಸ್ಸು ಹತ್ತಿ, ಹೊಂಗನೂರು ಬರುವ ಮೊದಲೇ ಇಳಿದು ಒಂದಿಷ್ಟು ದೂರ ನಡೆಯಬೇಕಾದ ಊರು ನಮ್ಮದು. ಈ ಶತಮಾನ ಹುಟ್ಟಿ ಐದಾರು ವರ್ಷವಾಗಿದ್ದಿರಬಹುದು. ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ, ಕೆಲಸವಿಲ್ಲದೆ ಊರಿಗೆ ಬಂದು ಕುಳಿತಿದ್ದೆ. ಬಿಡದಿಯ ಕಾರ್ಖಾನೆಗಳ ಬಸ್ಸುಗಳು ಆಗಲೇ ನಮ್ಮ ಕಡೆಯ ಹಳ್ಳಿಗಳಿಗೂ ಬಂದು ಹುಡುಗರನ್ನು ಹತ್ತಿಸಿಕೊಂಡು ಹೋಗುತ್ತಿದ್ದವು. ಅವುಗಳ ಹಿಂದೆಯೇ ಬಿಳಿ ಕಾರುಗಳು ಬಂದವು. ಕಾರಿನಿಂದ ಇಳಿದವರು ರಸ್ತೆ ಪಕ್ಕದ ಹಿಪ್ಪುನೇರಳೆ ತೋಟಗಳನ್ನು ಕಣ್ಣಲ್ಲೇ ಅಳೆದು, ಟೀ ಕುಡಿದು, ಯಾರ ಹತ್ತಿರವೂ ಏನೂ ಹೇಳದೆ ಹೋಗುತ್ತಿದ್ದರು.

ಆ ಚಳಿಗಾಲ ತಾಲ್ಲೂಕು ಪಂಚಾಯ್ತಿ ಚುನಾವಣೆ ಬಂತು. ನನಗೆ ಪಾಠ ಹೇಳಿದ ಮೇಷ್ಟರೊಬ್ಬರು ನಿವೃತ್ತರಾಗಿದ್ದರು, ಅವರೇ ನಿಂತರು. ಊರವರನ್ನು ಕೂಡಿಸಿ ಕೇಳದೆ ಒಂದು ಗುಂಟೆ ಜಮೀನೂ ಹೊರಗಿನವರ ಕೈಗೆ ಹೋಗಬಾರದು ಎನ್ನುವುದಷ್ಟೇ ಅವರ ಭಾಷಣ. ದೇವರನ್ನೂ ಸರ್ಕಾರವನ್ನೂ ಒಂದೇ ಉಸಿರಿನಲ್ಲಿ ಅನುಮಾನಿಸುತ್ತಿದ್ದ ನಾನು ಮೇಷ್ಟರನ್ನು ನಂಬಿದೆ. ನಂಬಲು ಏನಾದರೊಂದು ಬೇಕಾಗಿತ್ತು ಎನ್ನುವುದೂ ನಿಜವಿರಬಹುದು.

ನನ್ನ ಕೆಲಸ ಮತದಾರರ ಪಟ್ಟಿಯದು. ನಮ್ಮವರಿಗೆ ಗೀಟು, ಎದುರು ಪಕ್ಷದವರಿಗೆ ಇಂಟು, ಎತ್ತ ಎಂದು ತಿಳಿಯದವರಿಗೆ ಸೊನ್ನೆ. ನನ್ನ ಜೊತೆಗೆ ಬಾಲ್ಯದ ಗೆಳೆಯನೊಬ್ಬ, ಚನ್ನಪಟ್ಟಣಕ್ಕೆ ಆಟೋ ಓಡಿಸುತ್ತಿದ್ದವನು. ಸೊನ್ನೆಗಳನ್ನು ಗೀಟು ಮಾಡುವುದು ನಮ್ಮಿಬ್ಬರ ಪಾಲಿಗೆ ಬಂದಿತ್ತು. ಇಂಟುಗಳ ತಂಟೆಗೆ ಹೋಗಬೇಡಿ ಎಂದು ಮೇಷ್ಟರು ಹೇಳಿದ್ದರು. ನಾನು ಹೋದೆ.

ಆ ಇಂಟು ದೊಡ್ಡವ್ವನದು. ಅವಳು ನನಗೆ ಸ್ವಂತ ದೊಡ್ಡವ್ವನಲ್ಲ. ಊರಿನ ಲೆಕ್ಕದಲ್ಲಿ ಹಾಗೆ ಕರೆಯುತ್ತಿದ್ದೆ. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಸುತ್ತಲ ನಾಲ್ಕು ಊರಿನಲ್ಲಿ ಅವಳಷ್ಟು ಚೆನ್ನಾಗಿ ರೇಷ್ಮೆಹುಳು ಸಾಕುವವರು ಇರಲಿಲ್ಲ. ಹುಳು ಸೊಪ್ಪು ತಿನ್ನುವುದನ್ನು ಬಿಟ್ಟರೆ ಜನ ಮೊದಲು ಅವಳ ಮನೆಗೆ ಓಡಿಬರುತ್ತಿದ್ದರು, ಆಮೇಲೆ ಇಲಾಖೆಯವರ ಹತ್ತಿರ ಹೋಗುತ್ತಿದ್ದರು. ಅವಳ ಮೈದುನ ಎದುರು ಪಕ್ಷದ ಮುಖಂಡ. ಅವನು ಅತ್ತಿಗೆಯ ಕೈಗೆ ಎಲೆ ಕೊಟ್ಟು ಮಾತು ತೆಗೆದುಕೊಂಡು ಹೋಗಿದ್ದ.

ನಮ್ಮ ಕಡೆ ಮಾತು ತೆಗೆದುಕೊಳ್ಳುವುದು ಹೀಗೆ. ಕೇಳುವವನು ಎರಡು ವೀಳ್ಯದೆಲೆ, ಒಂದು ಅಡಿಕೆ ನಿಮ್ಮ ಅಂಗೈಯಲ್ಲಿಡುತ್ತಾನೆ. ನೀವು ಮುಷ್ಟಿ ಮುಚ್ಚಿದರೆ ಮಾತು ಕೊಟ್ಟ ಹಾಗೆ. ಮನಸ್ಸು ಬದಲಾದರೆ ಎಲೆ ಕೊಟ್ಟವನ ಹತ್ತಿರವೇ ಹೋಗಿ, ನಿಮ್ಮ ಕೈಯಿಂದ ಹೊಸ ಎಲೆ ಅವನ ಕೈಗೆ ಇಡಬೇಕು. ಅವನು ತೆಗೆದುಕೊಂಡರೆ ಬಿಡುಗಡೆ. ಅವನಲ್ಲದೆ ಬೇರೆ ಯಾರೂ ಬಿಡಿಸುವ ಹಾಗಿಲ್ಲ.

ದೊಡ್ಡವ್ವನ ಮನೆಗೆ ಹೋಗುವ ಮೊದಲು ಆ ಬೆಳಗ್ಗೆ ಹಿಂದಿನ ಬೀದಿಯ ಒಂದು ಮನೆಗೆ ಹೋಗಿದ್ದೆವು. ಅದು ಚೆನ್ನಾಗಿ ನೆನಪಿದೆ. ಮಂಜು ಇನ್ನೂ ಎದ್ದಿರಲಿಲ್ಲ. ಆ ಮನೆಯಾತನ ಹುಳುವಿಗೆ ಸುಣ್ಣಕಟ್ಟು ರೋಗ ಬಂದಿತ್ತು. ಸತ್ತ ಹುಳು ಮೆತ್ತಗಾಗದೆ ಸೆಟೆದು ಸೀಮೆಸುಣ್ಣದ ತುಂಡಿನ ಹಾಗೆ ಬೆಳ್ಳಗಾಗುವ ರೋಗ. ಅವನು ಒಂದು ಹಿಡಿ ಎತ್ತಿ ನಮ್ಮ ಮುಂದೆ ಹಿಡಿದ. ಓಟು ಕೇಳಲು ಬಂದವರು ಅಂಗಳದಲ್ಲೇ ನಿಂತು ಅಯ್ಯೋ ಎಂದರೆ ಚೆನ್ನಾಗಿರುವುದಿಲ್ಲವೆಂದು ಅವನ ಹುಳದ ಮನೆಯ ಒಳಗೆ ಹೋದೆವು, ಹುಳು ಸಾಕುವ ತಟ್ಟೆಗಳ ನಡುವೆ ನಿಂತೆವು, ಸಮಾಧಾನ ಹೇಳಿದೆವು. ಸತ್ತ ಹುಳುಗಳ ಮೇಲೂ ನೆಲದ ಮೇಲೂ ಅವನು ಸುಣ್ಣ ಎರಚಿದ್ದ. ಹೊರಗೆ ಬಂದು ಅವನ ಮನೆಯ ಸೊನ್ನೆಯನ್ನು ಗೀಟು ಮಾಡಿದೆ. ಕಾಲು ತೊಳೆದೆನೋ ಇಲ್ಲವೋ, ಅದು ನೆನಪಿಲ್ಲ.

ಅಲ್ಲಿಂದ ನೇರ ದೊಡ್ಡವ್ವನ ಮನೆ.

"ಬಾ ಮಗ. ಓಟ್ ಕೇಳಕ್ಕೆ ಬಂದ್ಯಾ, ನನ್ ಯೋಗಕ್ಷೇಮ ಇಚಾರ್ಸಕ್ಕೆ ಬಂದ್ಯಾ?" ಎಂದಳು.

"ಎರಡಕ್ಕೂ ಬಂದೆ ದೊಡ್ಡವ್ವ."

"ಹಂಗಾರೆ ಒಂದ್ಕೆ ತಡವಾಗ್ ಬಂದೆ. ನನ್ ಮೈದ್ನ ಎಲೆ ಕೊಟ್ಟು ಹೋಗವ್ನೆ."

"ಎಲೆ ತಾನೆ ದೊಡ್ಡವ್ವ," ಎಂದ ಗೆಳೆಯ. "ಆಗ್ಲೇ ಅಗ್ದು ಉಗ್ದುಬುಟ್ಟಿದ್ರೆ ಮುಗ್ದೋಗದು."

"ನೀನು ಆಟೋ ಓಡ್ಸು, ಸಾಕು. ನಿನ್ ಮಾತ್ ನಂಬಿ ಕೂತೋರು ಚನ್ನಪಟ್ಣನೇ ಮುಟ್ಟಕಿಲ್ಲ, ನನ್ನ ಇನ್ನೆಲ್ಲಿಗೆ ಮುಟ್ಟಿಸ್ತೀಯ."

ನಗುವಿನ ನಡುವೆಯೂ ಅವಳ ಮನಸ್ಸು ನಮ್ಮ ಕಡೆಗಿತ್ತು ಎಂದು ನನಗೆ ಗೊತ್ತಾಯಿತು. ಅವಳ ಹಿಪ್ಪುನೇರಳೆ ತೋಟ ರಸ್ತೆಗೆ ಅಂಟಿಕೊಂಡೇ ಇತ್ತು. ಬಿಳಿ ಕಾರಿನವರು ಎರಡು ಸಲ ಅದರ ಬದುವಿನ ಮೇಲೆ ನಡೆದಾಡಿದ್ದರು. ಮೇಷ್ಟರು ಹೇಳುವುದರಲ್ಲಿ ನ್ಯಾಯವಿದೆ ಎಂದು ಅವಳೇ ಯಾರ ಮುಂದೆಯೋ ಹೇಳಿದ್ದಳಂತೆ. ಅಡ್ಡ ಇದ್ದದ್ದು ಆ ಎಲೆಯೊಂದೇ. ನನ್ನ ಎಂ.ಎ. ಓದಿನ ಒಟ್ಟು ಉಪಯೋಗ ಆ ಹೊತ್ತಿನಲ್ಲಿ ಆಯಿತು.

"ದೊಡ್ಡವ್ವ, ಹುಳದ್ ಮನೇಲಿ ನಿಂತ್ಕಂಡು ನೀನು ಸುಳ್ಳಾಡ್ತೀಯಾ?"

"ಯಾರಾದ್ರೂ ಆಡ್ತಾರಾ ಅಲ್ಲಿ?"

"ಎಲೆ ಅಂಗ್ಡೀಲಿ ತಂದಿದ್ದು. ಹುಳ ನೀನು ಸಾಕಿದ್ದು, ಜೀವ ಇರೋದು. ಎರಡ್ರಲ್ಲಿ ಯಾವ್ದು ದೊಡ್ದು?"

ಅವಳು ಹುಳದ ಮನೆಯ ಬಾಗಿಲ ಕಡೆ ನೋಡಿದಳು.

"ಹುಳದ್ ಮೇಲೆ ಕೈ ಇಟ್ಟು ಮಾತು ಕೊಟ್ರೆ, ಎಲೆ ಮೇಲಿನ ಮಾತು ತಾನಾಗೇ ಬಿದ್ದೋಯ್ತದೆ," ಎಂದೆ.

ಅಂಥ ಕಟ್ಟಳೆ ನಮ್ಮೂರಿನಲ್ಲಿ ಇರಲಿಲ್ಲ. ನಾನು ಅಲ್ಲೇ ನಿಂತು ಅದನ್ನು ಹುಟ್ಟಿಸಿದೆ. ಎಲೆಯನ್ನಾಗಲೀ ಹುಳುವನ್ನಾಗಲೀ ನಂಬದವನಾದ್ದರಿಂದ ಸಲೀಸಾಗಿ ಹುಟ್ಟಿಸಿದೆ. ಓದಿದ ಹುಡುಗ ಹೇಳಿದ್ದು ಎಲ್ಲೋ ಬರೆದಿರಬೇಕು ಎಂದು ಅವಳು ತಿಳಿದಳೇನೋ. ಬಹಳ ಹೊತ್ತು ಸೆರಗಿನ ಅಂಚನ್ನು ಹೊಸೆಯುತ್ತಾ ನಿಂತು, ಕೊನೆಗೆ ಹುಳದ ಮನೆಯ ಬಾಗಿಲು ತೆಗೆದಳು.

ಮುಂದಿನದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ತಗ್ಗು ಬಾಗಿಲು. ಹೊಸ್ತಿಲಿನಲ್ಲಿ, ರೋಗ ಒಳಗೆ ಬಾರದ ಹಾಗೆ ಬರುವವರು ತುಳಿದು ಬರಲೆಂದು ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಹರಡಿದ ಗೋಣಿತಾಟು. ಒಳಗೆ ಕತ್ತಲೆ, ಹಸಿ ಸೊಪ್ಪಿನ ವಾಸನೆ, ಸಾವಿರಾರು ಬಾಯಿಗಳು ಒಟ್ಟಿಗೆ ಮೇಯುವ ಸದ್ದು. ನಾಲ್ಕನೇ ಜ್ವರ ಎದ್ದ ಹುಳುಗಳು. ಪೊರೆ ಬಿಡಲು ಮೇವು ನಿಲ್ಲಿಸಿ ಮಲಗುವುದನ್ನು ನಾವು ಜ್ವರ ಎನ್ನುತ್ತೇವೆ. ಇನ್ನೊಂದು ವಾರ ಕಳೆದರೆ ಹಣ್ಣಾಗಿ, ಬಿದಿರಿನ ಚಂದ್ರಿಕೆ ಏರಿ ಗೂಡು ಕಟ್ಟುವಂಥವು. ಅವಳು ತಟ್ಟೆಯ ಮೇಲೆ ಅಂಗೈ ಇಟ್ಟು, "ಮೇಷ್ಟ್ರ ಗುರ್ತಿಗೇ ಒತ್ತೀನಿ" ಎಂದಳು. ಹುಳುವೊಂದು ತಲೆ ಎತ್ತಿ ಅವಳ ಕಿರುಬೆರಳನ್ನು ಮೂಸಿ ನೋಡಿತು. ನನ್ನ ಬರಿಗಾಲಿಗೆ ಸಗಣಿ ಸಾರಿಸಿದ ನೆಲ ತಣ್ಣಗೆ ತಾಗುತ್ತಿತ್ತು. ನಡುವೆ ಪುಡಿಯಾಗಲೀ ಹರಳಾಗಲೀ ಇರಲಿಲ್ಲ, ಬರೀ ನೆಲ.

ಅಂದರೆ ಗೋಣಿತಾಟನ್ನು ದಾಟಿ ಕಾಲಿಟ್ಟಿದ್ದೆ. ತುಳಿದಿರಲಿಲ್ಲ.

ಮತದಾನದ ದಿನ ನಾನು ಶಾಲೆಯಿಂದ ದೂರ, ಹೊಂಗೆ ಮರದ ಕೆಳಗೆ ಪಟ್ಟಿ ಹಿಡಿದು ಕುಳಿತಿದ್ದೆ. ಬಂದವರ ಹೆಸರಿಗೆ ಸುತ್ತು ಹಾಕುವುದು, ಬಾರದವರ ಮನೆಗೆ ಆಟೋ ಕಳಿಸುವುದು. ಬಿಡದಿಯ ಪಾಳಿ ಮುಗಿಸಿ ಬಂದ ಹುಡುಗರು ಕಣ್ಣುಜ್ಜುತ್ತಾ ಸಾಲಿನಲ್ಲಿ ನಿಂತಿದ್ದರು. ಮಧ್ಯಾಹ್ನ ಕಳೆದರೂ ದೊಡ್ಡವ್ವ ಬರಲಿಲ್ಲ. ಗೆಳೆಯನ ಜೊತೆ ನಾನೇ ಹೋದೆ. ಅವಳು ಜಗಲಿಯ ಮೇಲೆ ಕುಳಿತಿದ್ದಳು. ಹುಳದ ಮನೆಯ ಬಾಗಿಲು ಹಾಕಿತ್ತು.

"ಹುಳ ಹೆಂಗವೆ ದೊಡ್ಡವ್ವ?"

"ಅವೆ," ಎಂದಳು. "ನಡಿ, ಓಟಾಕಿ ಬರಾನ."

ಮಾತಿನ ಮಲ್ಲ ನನ್ನ ಗೆಳೆಯ ಆಟೋದ ಕನ್ನಡಿಯಲ್ಲಿ ಅವಳ ಮುಖ ನೋಡಿ, ಗುಂಡಿಗಳನ್ನು ತಪ್ಪಿಸುತ್ತಾ ಮೆಲ್ಲಗೆ ಓಡಿಸಿದ. ಅವಳು ಮತಗಟ್ಟೆಯೊಳಗೆ ಹೋಗಿ ಬಂದಳು. ಮಸಿ ಹಚ್ಚಿದ ಬೆರಳನ್ನು ಮೈಗೆ ತಾಗದ ಹಾಗೆ ದೂರ ಹಿಡಿದಿದ್ದಳು. ಯಾವ ಗುರುತಿಗೆ ಒತ್ತಿದಳೆಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಮರದ ಕೆಳಗೆ ಬಂದು ಸೆರಗಿನ ಗಂಟು ಬಿಚ್ಚಿದಳು. ಅದರಲ್ಲಿ ಮೂರು ಹುಳು, ಬೆಳ್ಳಗೆ, ಕಡ್ಡಿಯ ಹಾಗೆ ಸೆಟೆದುಕೊಂಡಿದ್ದವು.

"ಬೆಳಿಗ್ಗೆ ಇಂಥವು ಇಷ್ಟೇ ಇದ್ವು," ಎಂದಳು.

ಮೂರು ದಿನದಲ್ಲಿ ಒಂದು ತಟ್ಟೆಯೂ ಉಳಿಯಲಿಲ್ಲ. ಎಲ್ಲವನ್ನೂ ಗುಂಡಿಗೆ ಹಾಕಿ, ಸುಣ್ಣ ಸುರಿದು ಮುಚ್ಚಿದರು. ಅದೇ ದಿನಗಳಲ್ಲಿ ಎಣಿಕೆ ಮುಗಿದು ಮೇಷ್ಟರು ಸ್ವಲ್ಪದರಲ್ಲಿ ಗೆದ್ದರು. ಪಟಾಕಿಯ ಹೊಗೆ ಇನ್ನೂ ಬೀದಿಯಲ್ಲಿದ್ದಾಗ ನಾನು ಅವಳ ಮನೆಗೆ ಹೋದೆ.

"ಎಲೆ ಮಾತು ತಪ್ಪಿದ್ನಲ್ಲ ಮಗ, ಅದ್ಕೇ," ಎಂದಳು.

"ಅದು ರೋಗ ದೊಡ್ಡವ್ವ. ಗಾಳೀಲಿ ಬತ್ತದೆ, ಕಾಲಲ್ಲಿ ಬತ್ತದೆ." ಕಾಲು ಎಂದೆ. ಯಾರ ಕಾಲು ಎನ್ನಲಿಲ್ಲ.

"ರೋಗಕ್ಕೆ ನನ್ ಮನೆ ದಾರಿ ತೋರ್ಸಿದ್ಯಾರು ಮತ್ತೆ?"

ಅವಳು ಹೇಳಿದ್ದು ತಪ್ಪಿದ ಮಾತಿನ ವಿಚಾರ. ನನಗೆ ಕೇಳಿಸಿದ್ದು ಬೇರೆ. ಹಿಂದಿನ ಬೀದಿಯ ಮನೆಯ ಸುದ್ದಿ ಅವಳಿಗೂ ಗೊತ್ತಿತ್ತು, ಆದರೆ ನಾವು ಅಂದು ಅಲ್ಲಿಂದಲೇ ಬಂದೆವೆಂದು ಗೊತ್ತಿರಲಿಲ್ಲ. ಹೇಳಲು ಬಾಯಿ ತೆರೆದೆ. ಮೇಷ್ಟರ ಹುಡುಗರು ಊರೆಲ್ಲ ತಿರುಗಿ ಸುಣ್ಣಕಟ್ಟು ಹಂಚಿದರು ಎಂಬ ಮಾತು ಹುಟ್ಟಿದರೆ ಏನಾಗಬಹುದೆಂದು ಯೋಚಿಸಿ ಮುಚ್ಚಿದೆ. ಅಷ್ಟರಲ್ಲಿ ಅವಳೇ ಕೇಳಿದಳು.

"ಒಂದ್ ಉಪ್ಕಾರ ಮಾಡು. ನನ್ ಮೈದ್ನನತ್ರ ಹೋಗಿ, ಎಲೆ ವಾಪಸ್ ಈಸ್ಕೊ ಅಂತ ಹೇಳು. ನಾನೋಗಿ ಕೇಳಕ್ಕೆ ನಂಗೆ ಮಖ ಇಲ್ಲ. ನೀನು ಓದ್ದೋನು, ನಿನ್ ಮಾತ್ ಕೇಳ್ತಾನೆ. ಅವ್ನು ಈಸ್ಕಂಡ್ರೆ ಮುಂದಿನ್ ಬೆಳೆ ಎತ್ತೀನಿ."

ಆಯಿತು ಎಂದೆ. ಹೋಗಲಿಲ್ಲ.

ಹೋಗದಿರಲು ನನ್ನ ಹತ್ತಿರ ಒಳ್ಳೊಳ್ಳೆಯ ಕಾರಣಗಳಿದ್ದವು. ಸೋತ ಮನುಷ್ಯನ ಮುಂದೆ, ನಿಮ್ಮ ಅತ್ತಿಗೆಯ ಓಟು ನಾವು ಒಡೆದುಕೊಂಡೆವು ಎಂದು ಹೋಗಿ ನಿಲ್ಲುವುದು ಹೇಗೆ? ಬಿಸಿ ಆರಲಿ ಎಂದುಕೊಂಡೆ. ಸಂಕ್ರಾಂತಿ ಕಳೆಯಲಿ ಎಂದುಕೊಂಡೆ. ಒಳಗೊಳಗೆ, ಒಂದು ಒಣಗಿದ ಎಲೆಗಾಗಿ ಎರಡು ಪಕ್ಷದವರ ನಡುವೆ ರಾಯಭಾರ ಮಾಡುವುದು ನಗೆಪಾಟಲು ಎಂದೂ ಅನಿಸಿತ್ತು. ಆ ಮನುಷ್ಯ ದಾರಿಯಲ್ಲಿ ಎಷ್ಟೋ ಸಲ ಸಿಕ್ಕಿದ. "ಏನಪ್ಪಾ ಎಂಎ, ಗೆದ್ದುಬುಟ್ರಿ" ಎಂದು ನಕ್ಕ. ಕೆಟ್ಟವನಲ್ಲ. ಕೇಳಿದ್ದರೆ ತೆಗೆದುಕೊಳ್ಳುತ್ತಿದ್ದ ಎಂದು ಈಗ ಅನಿಸುತ್ತದೆ.

ಆ ಬೇಸಗೆಯಲ್ಲಿ ಅವನು ಚನ್ನಪಟ್ಟಣದ ಬಸ್ ನಿಲ್ದಾಣದ ಹತ್ತಿರ ಟೀ ಕುಡಿಯುತ್ತಾ ಕುಳಿತಲ್ಲೇ ಎದೆನೋವು ಬಂದು ಸತ್ತುಹೋದ.

ಹೆಣದ ಮುಂದೆ ದೊಡ್ಡವ್ವ ಎರಡು ಎಲೆ ಹಿಡಿದುಕೊಂಡು ನಿಂತಿದ್ದಳು. ಹತ್ತಿರ ಹೋಗಿ ಅವನ ಕೈಯ ಬೆರಳು ಬಿಡಿಸಿ ಎಲೆ ಇಡಲು ನೋಡಿದಳು. ಬೆರಳು ಸೆಟೆದಿದ್ದವು. ಹಿರಿಯರೊಬ್ಬರು ಅವಳ ತೋಳು ಹಿಡಿದು, "ಸತ್ತೋನು ಈಸ್ಕೊಳಕಾಯ್ತದಾ, ಬಾ ಈಚ್ಗೆ" ಎಂದು ಕರೆದುಕೊಂಡು ಹೋದರು. ಇದನ್ನು ನಾನು ಕಣ್ಣಾರೆ ಕಂಡೆನೋ, ಆಮೇಲೆ ಯಾರೋ ಹೇಳಿದ್ದನ್ನು ಕಂಡ ಹಾಗೆ ಮಾಡಿಕೊಂಡೆನೋ ಗೊತ್ತಿಲ್ಲ. ಅವ್ವನನ್ನು ಕೇಳಿದರೆ, ಅವತ್ತು ನೀನು ಊರಲ್ಲೇ ಇರಲಿಲ್ಲ, ಕೆಲಸದ ಅರ್ಜಿ ಹಿಡಿದು ಕನಕಪುರಕ್ಕೆ ಹೋಗಿದ್ದೆ ಎನ್ನುತ್ತಾಳೆ. ಹಾಗಿದ್ದರೂ ಆ ಬೆರಳುಗಳು ನನಗೆ ಇವತ್ತಿಗೂ ಕಾಣುತ್ತವೆ. ಉಗುರಿನಲ್ಲಿ ಮಣ್ಣಿತ್ತು.

ದೊಡ್ಡವ್ವ ಆಮೇಲೆ ಹುಳು ಸಾಕಲಿಲ್ಲ. ತಟ್ಟೆಗಳನ್ನು ತೊಳೆದು ಗೋಡೆಗೆ ಒರಗಿಸಿದಳು. ತೋಟದ ಸೊಪ್ಪನ್ನು ಹೊರೆ ಕಟ್ಟಿ ಬೇರೆಯವರಿಗೆ ಮಾರಿದಳು. ಜನ ಕರೆದರೂ ಯಾರ ಹುಳದ ಮನೆಯ ಹೊಸ್ತಿಲನ್ನೂ ತುಳಿಯುತ್ತಿರಲಿಲ್ಲ. ರೋಗದ ಹುಳುವನ್ನು ತೋರಿಸಬೇಕಾದವರು ಎಲೆಯಲ್ಲಿ ಸುತ್ತಿಕೊಂಡು ಅವಳ ಜಗಲಿಗೆ ತರಬೇಕಿತ್ತು. ಅವಳು ದೂರದಿಂದಲೇ ನೋಡಿ ಹೇಳುತ್ತಿದ್ದಳು.

ನನಗೆ ಕನಕಪುರದ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕನ ಕೆಲಸ ಸಿಕ್ಕಿತು. ಮೇಷ್ಟರು ಎರಡನೇ ವರ್ಷಕ್ಕೇ ಬಿಳಿ ಕಾರಿನವರ ಜೊತೆ ಟೀ ಕುಡಿಯತೊಡಗಿದರು; ಅದನ್ನು ಹೆಚ್ಚು ಬರೆಯುವ ಮನಸ್ಸಿಲ್ಲ. ತರಗತಿಯಲ್ಲಿ ಗುಪ್ತ ಮತದಾನದ ಪಾಠ ಬಂದಾಗಲೆಲ್ಲ ಕೈಯಲ್ಲಿದ್ದ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಬಾಯಲ್ಲಿ ಮಾತ್ರ ಹೇಳಿ ಮುಗಿಸುತ್ತಿದ್ದೆ. ಅರೆನಿದ್ದೆಯಲ್ಲಿ ಅಂಗಾಲಿಗೆ ಆ ತಣ್ಣನೆಯ ನೆಲ ತಾಗುತ್ತಿತ್ತು. ಎದ್ದು ಕುಳಿತು, ಮನಸ್ಸಿನಲ್ಲೇ ಮತ್ತೆ ಮತ್ತೆ ಆ ಬಾಗಿಲಿಗೆ ಹೋಗಿ ನಿಂತು, ಈ ಸಲವಾದರೂ ಗೋಣಿತಾಟು ತುಳಿಯುತ್ತೇನೋ ಎಂದು ನೋಡಿಕೊಳ್ಳುತ್ತಿದ್ದೆ.

ಒಮ್ಮೆ ಊರಿಗೆ ಬಂದಾಗ ಗೆಳೆಯನನ್ನು ಕೇಳಿದೆ.

"ತುಳ್ದಿದ್ದೆ ಕಣ್ಲಾ," ಎಂದ ಅವನು, ಯೋಚನೆಯನ್ನೇ ಮಾಡದೆ. "ನಿನ್ ಕಾಲಿನ್ ಅಚ್ಚು ಬೆಳ್ಳಗೆ ನನ್ ಆಟೋದಲ್ಲಿತ್ತು. ನಾನೇ ಒರ್ಸಿದ್ದು."

"ಅವತ್ತೇನಾ ಅದು?"

"ಯಾವತ್ತು ಅಂತ ನಿನ್ನಂಗೆ ಪಟ್ಟೀಲಿ ಗೀಟು ಹಾಕ್ಕೊಂಡಿದ್ನಾ ನಾನು? ಅವತ್ತೇ. ಸುಮ್ಕೆ ತಲೆ ಕೆಡಿಸ್ಕೋಬೇಡ."

ಒಂದು ರಾತ್ರಿ ನೆಮ್ಮದಿಯಾಗಿ ಮಲಗಿದೆ. ಬೆಳಗಾಗುವ ಹೊತ್ತಿಗೆ ಇನ್ನೊಂದು ಯೋಚನೆ ಬಂದಿತ್ತು. ಹಿಂದಿನ ಬೀದಿಯ ಮನೆಯಲ್ಲೂ ನೆಲದ ಮೇಲೆ ಸುಣ್ಣವಿತ್ತು. ಆಟೋದಲ್ಲಿ ಬಿದ್ದ ಬಿಳಿ ಅಚ್ಚು ರೋಗ ತಡೆಯುವ ಸುಣ್ಣದ್ದೋ, ಸತ್ತ ಹುಳುಗಳ ನಡುವಿನಿಂದ ನಾನು ಹೊತ್ತು ತಂದ ಸುಣ್ಣದ್ದೋ?

ಎರಡು ಮೂರು ವರ್ಷ ಕಳೆದು ವಿಧಾನಸಭೆ ಚುನಾವಣೆ ಬಂತು. ದೊಡ್ಡವ್ವ ಓಟು ಹಾಕುವುದಿಲ್ಲ ಎಂದು ಕುಳಿತಿದ್ದಾಳೆಂದು, ಒಬ್ಬರಿಗೆ ಕೊಟ್ಟ ಮಾತು ಕೈಯಲ್ಲೇ ಇರುವಾಗ ಇನ್ನೊಂದು ಗುರುತು ಮುಟ್ಟಲಾರೆ ಎನ್ನುತ್ತಾಳೆಂದು ಅವ್ವ ಹೇಳಿದಳು. ಹೇಳಿಬಿಡೋಣ ಎಂದು ಹೊರಟೆ. ಮಾತು ತಪ್ಪಿದ್ದರಿಂದ ಹುಳು ಸಾಯಲಿಲ್ಲ, ನನ್ನ ಕಾಲಿನಿಂದ ಸತ್ತವು ಎಂದು ಅವಳಿಗೆ ತಿಳಿದರೆ ಆ ಎಲೆ ಅಲ್ಲಿಗೆ ಬಿದ್ದುಹೋಗುತ್ತದೆ. ಅವಳು ಬೈಯಲಿ, ಉಗಿಯಲಿ, ತಟ್ಟೆಗಳನ್ನು ಮತ್ತೆ ಇಳಿಸಲಿ.

ಜಗಲಿಯ ಮೇಲೆ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನಾನು ಮೊದಲಿನಿಂದ ಹೇಳಿದೆ. ಹಿಂದಿನ ಬೀದಿಯ ಮನೆ, ಅಲ್ಲಿನ ಸುಣ್ಣ, ತೊಳೆಯದ ಕಾಲು, ನಾನು ಕಟ್ಟಿ ಹೇಳಿದ ಕಟ್ಟಳೆ, ಅವಳ ಹುಳದ ಮನೆಯ ನೆಲ. ಅವಳ ಕೈ ನಿಲ್ಲಲಿಲ್ಲ. ನಾನು ಮುಗಿಸಿದ ಮೇಲೆ ಒಂದು ಬೀಜ ತೆಗೆದು ಪಕ್ಕಕ್ಕಿಟ್ಟಳು.

"ನೀನು ಒಳಕ್ಕೇ ಬಂದಿಲ್ಲ ಮಗ," ಎಂದಳು.

"ಬಂದಿದ್ದೆ ದೊಡ್ಡವ್ವ. ತಟ್ಟೆ ಪಕ್ಕದಲ್ಲೇ ನಿಂತಿದ್ದೆ. ಒಂದು ಹುಳ ನಿನ್ ಬೆರಳತ್ರ ತಲೆ ಎತ್ತಿದ್ದೂ ನೋಡ್ದೆ."

"ನೋಡಿರ್ತೀಯ. ತಟ್ಟೇನ ಬಾಗ್ಲಿಗೆ ತಂದಿದ್ದು ನಾನು. ನೀವಿಬ್ರೂ ಇಲ್ಲೇ, ಈ ಜಗ್ಲಿ ಮೇಲಿದ್ರಿ. ಜ್ವರ ಎದ್ದ ಹುಳ ಅವು. ಹೊರಗಿನೋರ್ನ ನಾನು ಯಾವತ್ತು ಒಳಕ್ಕೆ ಬುಟ್ಟಿದ್ದೆ ಹೇಳು? ನನ್ ಮೈದ್ನನೇ ಬಂದಿಲ್ಲ."

ಅದು ಸರಿಯೆನಿಸಿತು. ಅಷ್ಟು ವರ್ಷ ನಾನು ಅದನ್ನು ಯೋಚಿಸಿರಲೇ ಇಲ್ಲ. ಅವಳಂಥವಳು ನನ್ನನ್ನು ಒಳಗೆ ಬಿಡುವುದು ಸಾಧ್ಯವೇ ಇರಲಿಲ್ಲ. ಆದರೆ ಆ ನೆಲ? ಹಿಂದಿನ ಬೀದಿಯ ಮನೆಯ ನೆಲವನ್ನು ತಂದು ಇಲ್ಲಿ ಹಾಸಿಕೊಂಡಿದ್ದೆನೆ? ಅಲ್ಲಿ ಸುಣ್ಣವಿತ್ತಲ್ಲ. ಇಲ್ಲವೇ, ಒಳಗೆ ಬಿಟ್ಟದ್ದನ್ನು ಅವಳೇ ತನ್ನ ನೆನಪಿನಿಂದ ಅಳಿಸಿಕೊಂಡಳೇ? ಅವಳ ಮುಖದಲ್ಲಿ ಅಂಥದ್ದೇನೂ ಕಾಣಲಿಲ್ಲ.

"ತಟ್ಟೆ ಬಾಗಿಲಿಗೇ ತಂದಿರ್ಲಿ, ನಾವು ಹತ್ರ ನಿಂತಿದ್ವಲ್ಲ. ನಮ್ಮಿಂದ್ಲೇ ಬಂದಿರ್ಬೌದಲ್ಲ. ತಪ್ಪು ನಂದು ಅಂತ ಹೇಳ್ತಾ ಇದೀನಿ ದೊಡ್ಡವ್ವ."

"ನಿಂಗೆ ಅದು ಬೇಕಾಗೈತೆ, ಇಟ್ಕೊ. ನಂಗೆ ಅದ್ರಿಂದೇನಾಯ್ತದೆ? ಅವ್ನ ಎಲೆ ನನ್ ಕೈಲೇ ಐತೆ." ಇನ್ನೊಂದು ಬೀಜ ಬಿಡಿಸುತ್ತಾ ಹೇಳಿದಳು: "ಅವ್ನ ಮಗನತ್ರಾನೂ ಹೋಗಿದ್ದೆ. ಕಾರ್ಖಾನೆ ಬಟ್ಟೇಲೇ ನಿಂತಿದ್ದ. 'ಹೋಗತ್ಲಾಗೆ ದೊಡ್ಡವ್ವ, ಯಾವ್ದಕ್ ಬೇಕೋ ಅದ್ಕೆ ಒತ್ತು' ಅಂದ್ಬುಟ್ಟು ನಕ್ಕ. ಎಲೆ ಈಸ್ಕಂಡ. ನಕ್ಕೊಂಡು ಈಸ್ಕಂಡ್ರೆ ಅದು ಈಸ್ಕಂಡಂಗಾ?"

ಹೋಗಿ ಹೇಳು ಎಂದು ನನಗೆ ಹೇಳಿದ್ದನ್ನು ಅವಳು ಎತ್ತಲಿಲ್ಲ. ಮರೆತಿದ್ದಳೋ, ಮರೆತ ಹಾಗೆ ಇದ್ದಳೋ. ನಾನೇ ಎತ್ತಲು ಧೈರ್ಯ ಬರಲಿಲ್ಲ. ಅದರ ಬದಲಿಗೆ, ಈಗ ನೆನೆದರೆ ನಾಚಿಕೆಯಾಗುವ ಒಂದು ಮಾತು ಆಡಿದೆ.

"ದೊಡ್ಡವ್ವ, ನಿನ್ನತ್ರ ಹುಳದ್ ಮೇಲೆ ಮಾತು ಈಸ್ಕಂಡೋನು ನಾನು. ನಾನಿನ್ನೂ ಇದೀನಲ್ಲ. ನಂದಾದ್ರೂ ಬಿಡಿಸ್ತೀನಿ. ಕೊಡು, ಕೈಗೆ ಎಲೆ ಇಡು."

ಅವಳು ಮೊದಲ ಸಲ ಕೈ ನಿಲ್ಲಿಸಿ ನನ್ನನ್ನು ನೋಡಿದಳು. ಕೋಪವಿರಲಿಲ್ಲ. ತಪ್ಪು ಲೆಕ್ಕ ಬರೆದು ತಂದ ಹುಡುಗನನ್ನು ನೋಡುವ ಹಾಗಿತ್ತು.

"ನಿಂದು ಏನ್ ಬಿಡಿಸ್ತೀಯ ಮಗ? ನಿಂದು ನಡೆಸ್ಕೊಟ್ನಲ್ಲ. ಅವತ್ತೇ ಒತ್ ಬಂದ್ನಲ್ಲ ಮೇಷ್ಟ್ರಿಗೆ, ಹುಳ ಸಾಯ್ತಾ ಇದ್ರೂನೂವೆ."

ಮತ್ತೆ ಹುಣಸೆಹಣ್ಣಿನ ಕಡೆ ತಿರುಗಿದಳು. ನಾನು ಜಗಲಿಯಿಂದ ಏಳಲಿಲ್ಲ. ಅವಳೂ ಏಳು ಎನ್ನಲಿಲ್ಲ.